ನಾಲ್ಕನೆಯ ಹೂಂ

ತಂಗಿ ನಾಗವೇಣಿಗೆ,

ಬಿಟಿಎಂ ಬಡಾವಣೆಯ ಅದೇ ಎರಡನೇ ಮಹಡಿಯ ಕೋಣೆಯಿಂದ ನಿನ್ನ ಕರೆಪ್ಪಣ್ಣ ಬರೆಯುವುದು. ‘ನಿನ್ನ’ ಎಂಬ ಮಾತನ್ನು ಒಮ್ಮೆ ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಅದು ಇರಬೇಕೋ ಬೇಡವೋ ನೀನೇ ನೋಡು.

ಬಸ್ಸಿನ ಕಥೆಯನ್ನು ಮೊದಲು ಹೇಳಿದವಳು ನೀನು. ಹೋದ ವರ್ಷ ಶ್ರಾವಣದ ಎರಡನೇ ಸೋಮವಾರ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಬನಶಂಕರಿ ಬಸ್ ನಿಲ್ದಾಣದಲ್ಲಿ ಅವಲಕ್ಕಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದೆ. ಇದನ್ನು ಮೊದಲು ಬರೆಯಲೇಬೇಕು. ನಮ್ಮಜ್ಜಿ ಶಿವವ್ವ ಯಾವ ಕಥೆ ಶುರು ಮಾಡಿದರೂ ಅದನ್ನು ತನಗೆ ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನು ಮೊದಲು ಹೇಳಿ, ಆಮೇಲೆ ರಾಜನನ್ನೋ ನರಿಯನ್ನೋ ಒಳಗೆ ಕರೆಯುತ್ತಿದ್ದಳು. "ಹೆಸರು ಹೇಳದ ಕಥಿ ಕದ್ದ ಕಥಿ" ಅನ್ನುತ್ತಿದ್ದಳು. ಜೆ.ಪಿ. ನಗರದ ಆ ವೇದಿಕೆಯ ಮೇಲೆ ನಾನು ನಿನ್ನ ಹೆಸರು ಹೇಳಲಿಲ್ಲ. "ಮೊನ್ನೆ ಬಸ್ಸಿನ್ಯಾಗ ಕುಂತಿದ್ದೆ" ಎಂದು, ಎಲ್ಲವನ್ನೂ ನಾನೇ ಕಣ್ಣಾರೆ ಕಂಡವನ ಹಾಗೆ ಶುರು ಮಾಡಿದೆ. ನಾನು ಆ ಬಸ್ಸಿನಲ್ಲಿ ಇರಲೇ ಇಲ್ಲ. ಇದ್ದವಳು ನೀನು.

ನೀನು ಹೇಳಿದ ಕಥೆ ನನಗೆ ಅಕ್ಷರ ಬಿಡದೆ ನೆನಪಿದೆ. ನೀನು ಬೆಂಗಳೂರಿಗೆ ಬಂದು ನಾಲ್ಕು ದಿನವಾಗಿತ್ತು. ಉತ್ತರಹಳ್ಳಿಯ ಬಸ್ಸು ಹತ್ತಿದೆ. ಕಂಡಕ್ಟರ್ ನಿನ್ನ ಮುಖ ನೋಡಿ, ಗಂಟಲು ಸರಿ ಮಾಡಿಕೊಂಡು, "ಮೇಡಂ, ವೇರ್ ಗೋಯಿಂಗ್?" ಅಂದ. ನೀನು ಇಳಿಯುವ ಸ್ಟಾಪಿನ ಹೆಸರು ಹೇಳಿದೆ. ಹೆಂಗಸರಿಗೆ ಬಸ್ಸು ಫ್ರೀ ಅಲ್ಲವೇ, ನೀನು ಆಧಾರ್ ಕಾರ್ಡ್ ತೆಗೆಯಲು ಚೀಲಕ್ಕೆ ಕೈ ಹಾಕಿದರೆ ಅವನು ಕೈಯಾಡಿಸಿ, "ಫ್ರೀ ಓನ್ಲಿ ಕರ್ನಾಟಕ ಲೇಡೀಸ್ ಮೇಡಂ, ಯು ಫಾರಿನ್" ಅಂದ. ಪಕ್ಕದ ಸೀಟಿನ ಆಂಟಿ ನಿನ್ನ ಪರವಾಗಿ ನಿಂತರು. "ಇರ್ಲಿ ಕೊಡಿ ಕಂಡಕ್ಟ್ರೇ, ಪಾಪ, ಅಷ್ಟು ದೂರದಿಂದ ಬಂದಿದಾಳೆ." ಹಿಂದಿನ ಸೀಟಿನ ಅಂಕಲ್ ನಿನಗೆ ಕನ್ನಡ ಕಲಿಸಲು ಮುಂದಾದರು. "ಸೇ ಧನ್ಯವಾದ. ಧನ್. ಯ. ವಾದ." ಅಷ್ಟು ಪ್ರೀತಿಯಿಂದ ಕಲಿಸುವವರ ಮನಸ್ಸು ನೋಯಿಸಬಾರದು ಎಂದು ನೀನು ಒಂದನೇ ಇಯತ್ತೆಯ ಹುಡುಗಿಯ ಹಾಗೆ "ಧನ್. ಯ. ವಾದ" ಎಂದು ಒಪ್ಪಿಸಿದೆ. ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ನಿಮ್ಮವ್ವನ ಫೋನು ಬಂತು.

"ಯವ್ವಾ, ಬಸ್ಸಿನ್ಯಾಗ ಅದೀನಿ. ಆಕಳ ಈತೇನು? ಗಿಣ್ಣ ಎಲ್ಲಾ ನೀವೇ ತಿಂದು ಮುಗಸಬ್ಯಾಡ್ರಿ ಮತ್ತ, ನನಗಿಷ್ಟು ಇಡ್ರಿ!"

ಧನ್ಯವಾದ ಕಲಿಸಿದ ಅಂಕಲ್ ಆಮೇಲೆ ಇಳಿಯುವವರೆಗೂ ಕಿಟಕಿಯ ಹೊರಗೆ ಏನನ್ನೋ ಹುಡುಕುತ್ತಿದ್ದರಂತೆ. ಕಂಡಕ್ಟರ್ ನಿನ್ನ ಆಧಾರ್ ಕೈಗೆ ತೆಗೆದುಕೊಂಡು ಊರು, ತಾಲ್ಲೂಕು, ಜಿಲ್ಲೆ ಎಲ್ಲ ಓದಿದ. ಟಿಕೆಟ್ ಕೊಟ್ಟು ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಕಣಮ್ಮ. ಏನು ಕರು ಹಾಕ್ತು?" ಎಂದು ಕೇಳಿದ. ನೀನು "ಹೆಣಗರು" ಅಂದೆ. ಬಸ್ಸು ಮತ್ತೊಮ್ಮೆ ಚಪ್ಪಾಳೆ ತಟ್ಟಿತು.

"ಮೊದಲನೇ ಚಪ್ಪಾಳಿ ನನ್ನ ಮುಖಕ್ಕ ಅಣ್ಣಾ, ಎರಡನೇದು ನಮ್ಮ ಆಕಳಿಗೆ" ಎಂದು ನೀನು ನಕ್ಕಿದ್ದೆ. ಅವಲಕ್ಕಿ ನೆತ್ತಿಗೇರಿ ಕೆಮ್ಮಿದೆ. ನಾನು ನಿನ್ನ ಬೆನ್ನು ಗುದ್ದಿದೆ. ಅಷ್ಟು ಒಳ್ಳೆಯ ಕಥೆಯನ್ನು ನಮ್ಮಜ್ಜಿ ಹೋದ ಮೇಲೆ ನಾನು ಕೇಳಿರಲಿಲ್ಲ.

ನಾವಿಬ್ಬರೂ ಹೇಗೆ ಸಿಕ್ಕೆವು ಎಂಬುದನ್ನು ನಿನಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಈಗ ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತದೆ. ನಾನು ಕೊರಿಯರ್ ಹಂಚುವವನು. ಜಯನಗರದ ಅನಂತಪದ್ಮನಾಭ ಸಾರ್ ಮನೆಗೆ ಔಷಧಿಯ ಪಾರ್ಸೆಲ್ ತಂದು ಬಾಗಿಲಲ್ಲಿ ನಿಂತಿದ್ದೆ. ಒಳಗೆ ನೀನು, ಆಸ್ಪತ್ರೆಯ ಕಡೆಯಿಂದ ಬಂದವಳು, ಅವರ ಮಂಡಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಮಂಡಿಯ ಆಪರೇಷನ್ ಆದವರು ಕಾಲನ್ನು ಹತ್ತು ಸಲ ಮಡಚಬೇಕು. ಎಲ್ಲರೂ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ನೀನು ಎಣಿಸುತ್ತಿರಲಿಲ್ಲ. ಒಂದು ಸಲ ಮಡಚಿದರೆ ಒಂದು ಊರು. ಹುಬ್ಬಳ್ಳಿಯಿಂದ ನಿಮ್ಮೂರಿಗೆ ಹೋಗುವ ದಾರಿಯ ಹತ್ತು ಊರುಗಳು. ಅಂಕಿಯಲ್ಲಿ ಎಣಿಸಿದರೆ ರೋಗಿಗೆ ನೋವು ಎಷ್ಟು ಉಳಿದಿದೆ ಎಂದು ಗೊತ್ತಾಗುತ್ತದೆ, ಊರಿನಲ್ಲಿ ಎಣಿಸಿದರೆ ಬಸ್ಸಿನಲ್ಲಿ ಹೋದ ಹಾಗೆ ದಾರಿ ಸಾಗುತ್ತದೆ ಎಂಬುದು ನಿನ್ನ ಲೆಕ್ಕ.

ನೀನು "ಹುಬ್ಬಳ್ಳಿ" ಅಂದೆ, ಸಾರ್ ಕಾಲು ಮಡಚಿದರು. "ಮಿಶ್ರಿಕೋಟಿ" ಅಂದೆ. ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಾಗದೆ "ಕಲಘಟಗಿ!" ಎಂದು ಕೂಗಿದೆ. ಒಳಗಿಂದ ನೀನು, "ಯಾರ್ರೀ ಅದು ನಮ್ಮ ಬಸ್ ಹತ್ತಿದವರು?" ಅಂದೆ. ನಮ್ಮೂರು ಕಲಘಟಗಿಯ ಮಗ್ಗುಲಿಗೇ. ನಿಮ್ಮೂರು ಅಲ್ಲಿಂದ ಮುಂದೆ, ಹಳಿಯಾಳದ ಕಡೆ, ಎರಡು ತಾಸಿನ ದಾರಿ. ಅಂದರೆ ನಿನ್ನ ಮುಖ ನೋಡುವ ಮೊದಲೇ ನೀನು ಯಾವ ಸೀಮೆಯವಳು ಎಂಬುದು ನನಗೆ ಗೊತ್ತಾಗಿತ್ತು. ಈ ಊರಿನಲ್ಲಿ ಆ ಭಾಗ್ಯ ಇನ್ಯಾರಿಗೂ ಇರಲಿಲ್ಲ. ಬೇರೆಯವರೆಲ್ಲ ಮೊದಲು ನಿನ್ನ ಬಣ್ಣ, ಕೂದಲು ನೋಡಿ ಆಮೇಲೆ ಮಾತು ಕೇಳಿದವರು. ಆಫ್ರಿಕಾ ಮೂಲದ ಸಿದ್ದಿ ಜನ ನಮ್ಮ ಕಾಡಂಚಿನಲ್ಲಿ ನೂರಾರು ವರ್ಷದಿಂದ ಬಾಳಿದವರು, ನಮ್ಮ ಹಾಗೆಯೇ ಆಕಳು ಕಟ್ಟಿ ಗಿಣ್ಣ ಕಾಸಿದವರು ಎಂದು ಇಲ್ಲಿನವರಿಗೆ ತಿಳಿಯದಿದ್ದರೆ ಕ್ಷಮಿಸಬಹುದು. ನನಗೆ ತಿಳಿದಿತ್ತು.

ಈಗ ಹೂಂ ವಿಷಯ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡಬೇಡ. ಹನಮಂತನ ಕಥೆಯನ್ನು ಮಾತ್ರ ನಾನು ನಿನಗೆ ಹೇಳಿರಲಿಲ್ಲ. ಹೇಳಿದ್ದರೆ ನೀನು ಆ ಭಾನುವಾರ ಮುಂದಿನ ಸಾಲಿನಲ್ಲಿ ಕೂರುತ್ತಿರಲಿಲ್ಲವೇನೋ.

ನಮ್ಮಲ್ಲಿ ಕಥೆ ಹೇಳುವವರ ಎದುರು ಒಬ್ಬರು ಹೂಂ ಅನ್ನಲು ಕೂರಬೇಕು. ಹೂಂ ಇಲ್ಲದಿದ್ದರೆ ಕಥೆ ಮುಂದೆ ಹೆಜ್ಜೆ ಇಡುವುದಿಲ್ಲ. ಇದು ಎಲ್ಲ ಊರಿನಲ್ಲೂ ಇದೆ. ಶಿವವ್ವನದು ಇನ್ನೊಂದು ಕಟ್ಟಳೆ ಇತ್ತು. ಕಥೆ ಯಾರನ್ನು ನೋಡಿ ನಗುತ್ತದೋ ಅವರೇ ಹೂಂ ಅನ್ನಬೇಕು. ಬೊಕ್ಕತಲೆಯವನ ಕಥೆಗೆ ಬೊಕ್ಕತಲೆಯವನು. ಅತ್ತೆಯ ಕಥೆಗೆ ಒಬ್ಬ ಅತ್ತೆ. ಹನಮಂತ ಎಂಬ ಉಗ್ಗುವ ಮನುಷ್ಯ ನಮ್ಮ ಓಣಿಯಲ್ಲಿದ್ದ. ಉಗ್ಗನೊಬ್ಬ ಹುಲಿಗೆ ದಾರಿ ಹೇಳಲು ಹೋಗಿ, ಅವನ ಮಾತು ಮುಗಿಯುವಷ್ಟರಲ್ಲಿ ಹುಲಿಗೆ ನಿದ್ದೆ ಬಂದು ಊರು ಉಳಿದ ಕಥೆಯನ್ನು ಅಜ್ಜಿ ಹೇಳುತ್ತಿದ್ದಳು. ಹನಮಂತನನ್ನು ಕರೆದು ಎದುರಿಗೇ ಕೂರಿಸುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. "ಹೂಂ ಶಿ... ಶಿವಕ್ಕಾ, ಆ ಮ್ಯಾಲೆ?" ಎಂದು ಅವನೇ ಮುಂದಕ್ಕೆ ತಳ್ಳುತ್ತಿದ್ದ.

ಒಂದು ಸಲ ಅಜ್ಜಿ ಹುರುಪಿನಲ್ಲಿ ಹೊಸದೊಂದು ತುಣುಕು ಸೇರಿಸಿದಳು. ಆ ಉಗ್ಗ ಹೆಣ್ಣು ನೋಡಲು ಹೋಗಿ ತನ್ನ ಹೆಸರು ಹೇಳಲಾಗದೆ ಎದ್ದುಬಂದ ಎಂದಳು. ಹನಮಂತನಿಗೆ ಮದುವೆಯಾಗಿರಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಗುತ್ತಿದ್ದ. ಆದರೆ ಹೂಂ ಬರಲಿಲ್ಲ. ಅಜ್ಜಿ ಒಂದು ಉಸಿರು ಕಾದಳು. ಎರಡು ಉಸಿರು ಕಾದಳು. ಆಮೇಲೆ ಸೆರಗು ಕೊಡವಿ ಎದ್ದಳು. "ಮುಂದ ಹೇಳಬೇ ಆಯಿ, ಹುಲಿ ಏನಾತು?" ಎಂದು ನಾವೆಲ್ಲ ಗೋಗರೆದೆವು. "ಹೂಂ ನಿಂತೈತಿ. ಕಥಿ ಮುಗೀತು" ಅಂದಳು. ಮರುದಿನ ಬೆಳಗ್ಗೆ ಒಂದು ತಂಬಿಗೆ ಮಜ್ಜಿಗೆ ಹಿಡಿದು ಹನಮಂತನ ಬಾಗಿಲಿಗೆ ಹೋದಳು. ಏನು ಮಾತಾಡಿದರೋ ಗೊತ್ತಿಲ್ಲ. ಆ ಕಥೆಯನ್ನು ಮತ್ತೆ ಹೇಳಲಿಲ್ಲ.

ಅವಳು ಇನ್ನೊಂದು ಮಾತು ಹೇಳುತ್ತಿದ್ದಳು. ಕಥೆ ಹೇಗಿತ್ತು ಎಂದು ನಗುವನ್ನು ಕೇಳಬೇಡ, ಕೇಳಿದವರು ಮುಂಜಾನೆ ಎದ್ದು ಏನು ಮಾಡಿದರು ನೋಡು ಎಂದು. ಇದನ್ನು ಮಾತ್ರ ನಾನು ನಿನಗೆ ಹತ್ತು ಸಲ ಹೇಳಿದ್ದೆ. ದೊಡ್ಡ ಮನುಷ್ಯನ ಹಾಗೆ.

ಇಷ್ಟೆಲ್ಲ ಗೊತ್ತಿದ್ದವನು ಹೇಗೆ ಮಾಡಿದ ಎಂದು ನೀನು ಕೇಳಬಹುದು. ನೀನು ಕೇಳಲಿಲ್ಲ, ನಾನೇ ಕೇಳಿಕೊಳ್ಳುತ್ತಿದ್ದೇನೆ. ಜೆ.ಪಿ. ನಗರದಲ್ಲಿ ಮಯೂರ್ ನಡೆಸುವ ಆ ಕಾಮಿಡಿ ಕೋಣೆಗೆ ನಾನು ಪಾರ್ಸೆಲ್ ಕೊಡಲು ಹೋಗಿ ಕಥೆ ಹೇಳಿ ಬಂದವನು. ಮಯೂರ್ ಒಳ್ಳೆಯ ಹುಡುಗ. "ಅಣ್ಣ, ನಿಮ್ ಸ್ಲ್ಯಾಂಗೇ ಸಖತ್, ಬಾಯಿ ಬಿಟ್ರೆ ಸಾಕು ನಗ್ತಾರೆ" ಅಂದ. ನಿಜ. ನಾನು "ಹೌದಲ್ರೀ" ಅಂದರೆ ಜನ ನಗುತ್ತಿದ್ದರು. "ಎರಡು ರೊಟ್ಟಿ ತಿಂದೆ" ಅಂದರೂ ನಗುತ್ತಿದ್ದರು. ಅದೇ ಮಾತಿಗೆ ಬಿಟಿಎಂನಲ್ಲಿ ಮನೆ ಬಾಡಿಗೆಗೆ ಕೇಳಲು ಹೋದಾಗ ಅಣಕಿಸಿಕೊಂಡು ಬಂದವನು ನಾನು. ಇಲ್ಲಿ ಅದಕ್ಕೇ ಶಿಳ್ಳೆ ಬಿತ್ತು. ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ಮೊದಲು ನನ್ನ ನಾಲಿಗೆಯನ್ನು ಅವರ ಮುಂದೆ ಇಟ್ಟೆ. ಆಮೇಲೆ ನನ್ನ ಹೆಸರು, ನನ್ನ ಬಣ್ಣ. ನನ್ನದೆಲ್ಲ ಖಾಲಿಯಾದ ಮೇಲೆ ಕೈ ಪಕ್ಕದವರ ಚೀಲಕ್ಕೆ ಹೋಯಿತು.

ನಿನ್ನ ಬಸ್ಸಿನ ಕಥೆಯನ್ನು ಮಯೂರನಿಗೆ ಹೇಳಿದೆ. "ಕಥೆ ಚೆನ್ನಾಗಿದೆ ಗುರು, ಆದ್ರೆ ಪಂಚ್ ಎಲ್ಲಿ? ಹಸು ಕರು ಹಾಕೋವರ್ಗೂ ಯಾರ್ ಕಾಯ್ತಾರೆ? ಅರ್ಧ ನಿಮಿಷಕ್ಕೊಂದು ನಗು ಬೀಳ್ಬೇಕು" ಅಂದ. ಯಾರಿಗಾದರೂ ನೋವಾಗಬಹುದೇನೋ ಎಂದು ಬಾಯಿಮಾತಿಗೆ ಕೇಳಿದೆ. "ಕಾಮಿಡೀಲಿ ಗೆರೆ ಅಂತ ಒಂದು ಇಲ್ಲ ಗುರು. ನಕ್ಕರೆ ಜೋಕು, ನಗದೇ ಇದ್ರೆ ಅವಮಾನ. ಅಷ್ಟೇ" ಅಂದ. ನನಗೆ ಅದು ತಕ್ಕಡಿಯ ಹಾಗೆ ಸರಳವಾಗಿ ಕಂಡಿತು. ಅವನು ಬರೆದುಕೊಡಲಿಲ್ಲ. ಬರೆದವನು ನಾನು. ಕೊರಿಯರ್ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿ ಓಡಿಸುತ್ತಲೇ ಆ ಸಾಲು ಕಟ್ಟಿದೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಪ್ರದರ್ಶನ. ಹೂಂ ಅನ್ನುವವರಿಲ್ಲದೆ ನನಗೆ ಬಾಯಿ ಬರುವುದಿಲ್ಲ ಎಂದು ನಿನ್ನನ್ನು ಕರೆದೆ. ವಾರಕ್ಕೊಂದೇ ರಜೆ ನಿನಗೆ. ಬಟ್ಟೆ ಒಗೆಯುವುದು ಬಿಟ್ಟು, ಆ ಹಸಿರು ಚೂಡಿದಾರ ಹಾಕಿಕೊಂಡು ಬಂದೆ. "ನನ್ನ ಕಥಿ ಹೇಳ್ತೀಯಲ್ಲಣ್ಣಾ, ಕರೂನ ಬಿಡಬ್ಯಾಡ ಮತ್ತ" ಎಂದು ಎಚ್ಚರಿಸಿ ಮುಂದಿನ ಸಾಲಿನಲ್ಲಿ ಕೂತೆ. ಶಿವವ್ವನ ಕಟ್ಟಳೆಯನ್ನು ಪಾಲಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಕಥೆ ಯಾರ ಮೇಲಿದೆಯೋ ಅವರೇ ಹೂಂ ಅನ್ನಲು ಕೂತಿದ್ದಾರೆ, ಇನ್ನೇನು ಬೇಕು? ಕಟ್ಟಳೆಯ ಅರ್ಧ ಮಾತ್ರ ಪಾಲಿಸಿದೆ ನಾಗವೇಣಿ. ಕೂರಿಸುವುದನ್ನು ಪಾಲಿಸಿದೆ, ನಿಲ್ಲಿಸುವುದನ್ನು ಪಾಲಿಸಲಿಲ್ಲ.

ಮಯೂರ್ ಇಂಟರ್ನೆಟ್ಟಿಗೆ ಹಾಕಿದ ಆ ನಲವತ್ತು ಸೆಕೆಂಡಿನ ವಿಡಿಯೋ ತುಣುಕನ್ನು ಊರೆಲ್ಲ ನೋಡಿತು. ನನ್ನಷ್ಟು ಸಲ ಯಾರೂ ನೋಡಿರಲಿಕ್ಕಿಲ್ಲ. "ಬನಶಂಕರಿ ಬಸ್ ಸ್ಟ್ಯಾಂಡ್" ಅನ್ನುತ್ತೇನೆ. ನಿನ್ನ ಹೂಂ ಕೇಳುತ್ತದೆ. "ಉತ್ತರಹಳ್ಳಿ ಬಸ್ಸು" ಅನ್ನುತ್ತೇನೆ. ಹೂಂ. "ಈಕಿ ಒಂದು ಕಾಲು ಒಳಗಿಟ್ಟಳು" ಎಂದು ನಿನ್ನತ್ತ ಕೈ ತೋರಿಸುತ್ತೇನೆ. ಹೂಂ, ಅದರಲ್ಲಿ ಸಣ್ಣ ನಗುವೂ ಇದೆ, ಒಳ್ಳೆಯ ಭಾಗ ಈಗ ಬರುತ್ತದೆ ಎಂದು ಕಾಯುವವಳ ನಗು. ಆಗ ನಾನು, "ಡ್ರೈವರ್ ಗಾಬರಿಯಾಗಿ ಹಾಡುಹಗಲ ಬಸ್ಸಿನ ಲೈಟೆಲ್ಲಾ ಹಾಕಿಬಿಟ್ಟ" ಅನ್ನುತ್ತೇನೆ.

ನಾಲ್ಕನೆಯ ಹೂಂ ಇಲ್ಲ.

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಸುತ್ತಲಿನವರು ನೀನು ನಗುತ್ತೀಯೋ ಇಲ್ಲವೋ ಎಂದು ತಿರುಗಿ ತಿರುಗಿ ನೋಡಿದರು. ಅವರಿಗಾಗಿ ನೀನು ನಕ್ಕೆ. ಧನ್ಯವಾದ ಕಲಿಸಿದವರ ಮನಸ್ಸು ನೋಯಿಸದವಳು ಇವರ ಮನಸ್ಸನ್ನು ನೋಯಿಸುತ್ತೀಯಾ? ನಾನು ಒಂದು ಉಸಿರು ಕಾದೆ. ಅದು ತುಣುಕಿನಲ್ಲೂ ಕಾಣುತ್ತದೆ. ನನ್ನ ಬಾಯಿ ತೆರೆದು ನಿಂತಿದೆ, ಕಿವಿ ನಿನ್ನ ಕಡೆ ಇದೆ. ನನಗೆ ಗೊತ್ತಾಯಿತು. ಐವತ್ತು ಜನರ ನಗುವಿನ ನಡುವೆಯೂ ನಿಂತುಹೋದ ಒಂದು ಹೂಂ ಕೇಳಿಸುವಷ್ಟು ನಮ್ಮಜ್ಜಿ ನನ್ನ ಕಿವಿ ತಿದ್ದಿದ್ದಳು. ಕೇಳಿಸಿಕೊಂಡೂ ಮುಂದೆ ಹೋದೆ. ಅದೇ ಧಾಟಿಯಲ್ಲಿ ಇನ್ನೂ ಎರಡು ಸಾಲು ಹೇಳಿದೆ. ಅವನ್ನು ಇಲ್ಲಿ ಬರೆಯುವುದಿಲ್ಲ. ಕರುವಿನವರೆಗೆ ಕಥೆ ಹೋಗಲೇ ಇಲ್ಲ.

ಮರುದಿನ ಬೆಳಗ್ಗೆ ಕೇಳಿದವರು ಏನು ಮಾಡಿದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅನಂತಪದ್ಮನಾಭ ಸಾರ್ ಅವರ ಮೊಮ್ಮಗಳು ಸಮನ್ವಿತಾಳಿಂದ. ಅವಳೇ ತಾತನಿಗೆ ಮೊಬೈಲಿನಲ್ಲಿ ಆ ತುಣುಕು ತೋರಿಸಿದ್ದಳಂತೆ. ನಮ್ಮ ನಾಗವೇಣಿ ಟಿವಿಯವರ ಹಾಗೆ ಮುಂದೆ ಕೂತಿದ್ದಾಳೆ ಎಂದು ಮನೆಯವರಿಗೆಲ್ಲ ಹೆಮ್ಮೆ. ನೀನು ಎಂದಿನಂತೆ ಎಂಟೂವರೆಗೆ ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಸೋಫಾದ ಮೇಲೆ ಕೂತಿದ್ದ ಸಾರ್ ಕೈ ಚಾಚಿ ಹಾಲ್‌ನ ಲೈಟ್ ಹಾಕಿದರು. "ಬಾಮ್ಮ ಬಾ, ಲೈಟ್ ಹಾಕಿದೀನಿ ನೋಡು" ಎಂದು ಬಾಯಿ ತುಂಬ ನಕ್ಕರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು ಅವರು. ನಿಮ್ಮೂರ ದಾರಿಯ ಹತ್ತೂ ಊರು ಅವರಿಗೆ ಬಾಯಿಪಾಠವಾಗಿತ್ತು. ನಿನಗೆ ಜ್ವರ ಬಂದಾಗ ಗಂಜಿ ಕಾಸಿ ಆಟೋದಲ್ಲಿ ಕಳಿಸಿದ್ದ ಮನೆ ಅದು. ಕೆಟ್ಟವರು ಅಂದಿದ್ದರೆ ನೀನು ತಡೆದುಕೊಳ್ಳುತ್ತಿದ್ದೆ. ಬೀದಿಯಲ್ಲಿ ಅಂಥವರನ್ನು ದಾಟಿಕೊಂಡು ಹೋಗುವುದು ನಿನಗೆ ರೂಢಿ. ಆ ಮನೆಯೊಳಗೆ ಆ ಲೈಟ್ ಹಾಕಿಸಿದವನು ನಾನು. ನೀನು ಮಂಡಿ ಹಿಡಿದು ಕೂತು ವ್ಯಾಯಾಮ ಮಾಡಿಸಿದೆಯಂತೆ. ಆದರೆ ಅವತ್ತು "ಒಂದು, ಎರಡು, ಮೂರು" ಎಂದು ಎಣಿಸಿದೆಯಂತೆ. ಸಮನ್ವಿತಾ ಇದನ್ನು ಹೇಳಿದಾಗ ನಾನು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಕೂತುಬಿಟ್ಟೆ.

ಆ ಸೋಮವಾರ ಮಧ್ಯಾಹ್ನ ನೀನು ಫೋನ್ ಮಾಡಿದೆ. ಲೈಟಿನ ಸುದ್ದಿ ಹೇಳಲಿಲ್ಲ. "ಆ ಬಸ್ಸಿನ್ಯಾಗ ನಾ ಅವರನ್ನ ನೋಡಿ ನಕ್ಕಿದ್ದೆ ಅಣ್ಣಾ. ನೀ ಅವರ ಕೂಡ ಕುಂತು ನನ್ನ ನೋಡಿ ನಕ್ಕಿ" ಅಂದೆ, ಅಷ್ಟೇ. ನಾನು ಸುಮ್ಮನಿದ್ದಿದ್ದರೆ! ವಾದಕ್ಕೆ ನಿಂತೆ. "ಏ ಹುಚ್ಚಿ, ಜೋಕ್ ಅದು. ನಾನೇನು ಬೆಳ್ಳಗ ಅದೀನೇನು? ನನ್ನ ಹೆಸರೇ ಕರೆಪ್ಪ. ಕರಿಯಾ ಕರಿಯಾನ್ನ ಆಡಿಕೊಂಡ್ರ ತಪ್ಪೇನೈತಿ?" ಅಂದೆ. ಅದಕ್ಕೆ ನೀನು ಅಂದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ನಿನ್ನ ನೋಡಿ ಯಾವೂರು ಅಂತ ಕೇಳ್ತಾರ ಅಣ್ಣಾ. ನನ್ನ ನೋಡಿ ಯಾವ ದೇಶ ಅಂತ ಕೇಳ್ತಾರ. ಎರಡೂ ಒಂದೇ ಅಂತೀಯೇನು?"

ನೀನು ಫೋನು ಇಟ್ಟೆ. ನಿನ್ನನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಆ ಎರಡು ವಾರದಲ್ಲಿ ಬಸ್ ನಿಲ್ದಾಣದಲ್ಲಿ, ನಿನ್ನ ಆಸ್ಪತ್ರೆಯ ಮೆಟ್ಟಿಲಲ್ಲಿ, ಅಂಗಡಿಯ ಮುಂದೆ ಎಷ್ಟು ಜನ ನಿನ್ನನ್ನು ನೋಡಿ ಮೊಬೈಲಿನ ಟಾರ್ಚ್ ಹಾಕಿದರೋ ನನಗೆ ಗೊತ್ತಿಲ್ಲ. ಒಬ್ಬರು ಹಾಕಿದ್ದನ್ನು ನಾನೇ ನೋಡಿದೆ, ಬನಶಂಕರಿಯಲ್ಲಿ, ರಸ್ತೆಯ ಆಚೆ ಬದಿಯಿಂದ. ನೀನು ಕೈಚೀಲವನ್ನು ಎದೆಗೆ ಹಿಡಿದು ಬಸ್ಸಿನ ಹಿಂದೆ ಸರಿದೆ. ನಾನು ರಸ್ತೆ ದಾಟಿ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ಬರುವಷ್ಟರಲ್ಲಿ ಅಂತ ಬರೆದೆ, ಅದು ಪೂರ್ತಿ ನಿಜವಲ್ಲ. ನಾನು ರಸ್ತೆ ದಾಟಲೇ ಇಲ್ಲ. ಮರುವಾರ ಉತ್ತರಹಳ್ಳಿಯ ನಿನ್ನ ಕೋಣೆಗೆ ಹೋದರೆ ಬೀಗ ಹಾಕಿತ್ತು. ಕೆಳಗಿನ ಮನೆಯ ನಾರಾಯಣಮ್ಮ, "ಊರಿಗೆ ಹೋದ್ಲಪ್ಪ, ಇನ್ನು ಬರಲ್ಲ ಅಂದ್ಲು. ಒಳ್ಳೆ ಹುಡುಗಿ, ಏನಾಯ್ತೋ ಏನೋ" ಅಂದರು. ಏನಾಯಿತು ಎಂದು ನಾನು ಅವರಿಗೆ ಹೇಳಲಿಲ್ಲ.

ನಿನ್ನ ಫೋನಿಗೆ ನನ್ನ ಕರೆ ಹೋಗುವುದಿಲ್ಲ. ಸರಿಯಾಗಿಯೇ ಮಾಡಿದ್ದೀ. ನಿಮ್ಮವ್ವನಿಗೆ ಒಂದು ಸಲ ಮಾಡಿದೆ. ಅವಳಿಗೆ ಯಾವ ಸುದ್ದಿಯೂ ಗೊತ್ತಿಲ್ಲದ ಹಾಗಿತ್ತು. "ಆರಾಮ ಅದಾಳಪ್ಪಾ. ದವಾಖಾನಿ ಕೆಲಸ ಇಲ್ಲೇ ಹುಡುಕಾಕ ಹತ್ಯಾಳ. ಮದ್ಲ ಬೆಂಗಳೂರಿಂದ ಫೋನ್ ಮಾಡಿದ್ರ ತಾಸುಗಟ್ಟಲೆ ಕಥಿ ಹೇಳತಿದ್ಲು, ಬಸ್ಸಿನ್ಯಾಗ ಹಿಂಗಾತು, ಹಂಗಾತು ಅಂತ. ಈಗ ಮನ್ಯಾಗ ಇದ್ರೂ ಏನೂ ಹೇಳಂಗಿಲ್ಲ" ಅಂದಳು. ಆ ಕರು ಈಗ ದೊಡ್ಡದಾಗಿದೆ ಎಂದೂ ಹೇಳಿದಳು.

ನಾನು ನಿನ್ನಿಂದ ಕಸಿದುಕೊಂಡದ್ದು ಒಂದು ಕೆಲಸ, ಒಂದು ಊರು ಮಾತ್ರ ಎಂಬ ನನ್ನ ಲೆಕ್ಕ ಅವತ್ತು ತಪ್ಪಿತು. ನಿನ್ನ ಮೇಲೆ ಬಂದದ್ದನ್ನೆಲ್ಲ ನೀನು ಕಥೆ ಮಾಡಿ ನಕ್ಕು ದಾಟುತ್ತಿದ್ದೆ. ನಿನ್ನ ಹತ್ತಿರ ಇದ್ದ ಒಂದೇ ಕೊಡೆ ಅದು. ಅದನ್ನೇ ಕಿತ್ತುಕೊಂಡು ಅದರ ಹಿಡಿಯಿಂದ ನಿನಗೆ ಹೊಡೆದೆ.

ಮಯೂರನಿಗೆ ಹೇಳಿ ಆ ತುಣುಕು ತೆಗೆಸಿದೆ. "ಅವಳೇ ಮುಂದೆ ಕೂತು ನಕ್ಕಿದಾಳಲ್ಲ ಗುರು?" ಅಂದ. ನಕ್ಕಳು, ಹೂಂ ಅನ್ನಲಿಲ್ಲ ಅಂದೆ. ಅವನಿಗೆ ತಿಳಿಯಲಿಲ್ಲ. ತೆಗೆದದ್ದೇನೋ ನಿಜ, ಆದರೆ ಅಷ್ಟರಲ್ಲಿ ಯಾರು ಯಾರೋ ಇಳಿಸಿಕೊಂಡು ಎಲ್ಲೆಲ್ಲೋ ಹಾಕಿದ್ದರು. ಬಿತ್ತಿದ ರಾಗಿಯನ್ನು ಹೊಲದಿಂದ ಒಂದೊಂದೇ ಹೆಕ್ಕಲು ಹೊರಟವನ ಹಾಗಾಯಿತು.

ಹೋದ ಭಾನುವಾರ ಕೊನೆಯ ಸಲ ಆ ವೇದಿಕೆ ಹತ್ತಿದೆ. ಸಮನ್ವಿತಾ ತಾತನನ್ನು ವಾಕರ್ ಸಮೇತ ಕರೆತಂದು ಗೋಡೆಯ ಪಕ್ಕ ಕೂರಿಸಿದ್ದಳು. ಆ ತುಣುಕಿನಿಂದಾಗಿ ಜನ ಹೆಚ್ಚೇ ಬಂದಿದ್ದರು. "ಈ ಕಥೆ ಮೊದಲು ಹೇಳಿದಾಕಿ ನಾಗವೇಣಿ ಸಿದ್ದಿ. ಹೋದ ಶ್ರಾವಣದ ಎರಡನೇ ಸೋಮವಾರ" ಎಂದು ಶುರು ಮಾಡಿದೆ. ಬನಶಂಕರಿ ಅಂದೆ. ಉತ್ತರಹಳ್ಳಿ ಬಸ್ಸು ಅಂದೆ. ಒಂದು ಕಾಲು ಒಳಗಿಟ್ಟಳು ಅಂದೆ. ಹಿಂದಿನ ಸಾಲಿನಿಂದ ಒಬ್ಬ, "ಲೈಟ್ ಹಾಕು ಮಗಾ!" ಎಂದು ಕೂಗಿದ. ಎಲ್ಲರೂ ಆಗಲೇ ನಗಲು ಶುರು ಮಾಡಿದ್ದರು. ನಾನು, "ಇಲ್ಲಿ ನಾನೊಂದು ಮಾತು ಸೇರಿಸಿದ್ದೆ. ಅದು ಆಕಿ ಕಥಿಯೊಳಗ ಇರಲಿಲ್ಲ. ಆ ಮಾತಿಗೆ ಆಕಿ ಹೂಂ ನಿಂತಿತು. ಹೂಂ ನಿಂತಲ್ಲೇ ಕಥಿ ನಿಲ್ಲಬೇಕಾಗಿತ್ತು. ಅವತ್ತು ನಿಲ್ಲಿಸಲಿಲ್ಲ, ಇವತ್ತು ನಿಲ್ಲಸ್ತೀನಿ" ಎಂದು ಇಳಿದೆ. ಅದೂ ಜೋಕಿನ ಒಂದು ಭಾಗ ಎಂದುಕೊಂಡು ಕೆಲವರು ಕಾದರು. ಒಂದಿಬ್ಬರು ಚಪ್ಪಾಳೆ ತಟ್ಟಿ, ಬೇರೆ ಯಾರೂ ತಟ್ಟದ್ದನ್ನು ನೋಡಿ ನಿಲ್ಲಿಸಿದರು. ಕರುವಿನ ಸುದ್ದಿಯನ್ನು ನಾನು ಅವರಿಗೆ ಹೇಳಲಿಲ್ಲ. ಅದು ನಿನ್ನದು. ಹೇಳಬೇಕು ಅನ್ನಿಸಿದರೆ ನೀನೇ ಹೇಳು, ಅನ್ನಿಸದಿದ್ದರೆ ನಿನ್ನಲ್ಲೇ ಇರಲಿ.

ಈ ಪತ್ರಕ್ಕೆ ನೀನು ಹೂಂ ಅನ್ನಬೇಕಾಗಿಲ್ಲ. ಕ್ಷಮಿಸು ಎಂದು ಬರೆದರೆ ನಿನಗೆ ಮತ್ತೊಂದು ಕೆಲಸ ಹಚ್ಚಿದ ಹಾಗಾಗುತ್ತದೆ ಎಂದು ಬರೆದಿಲ್ಲ. ಮಜ್ಜಿಗೆಯ ತಂಬಿಗೆ ಹಿಡಿದು ನಿಮ್ಮ ಬಾಗಿಲಿಗೆ ಬರುವ ಧೈರ್ಯವೂ ಇನ್ನೂ ಬಂದಿಲ್ಲ. ಶಿವವ್ವ ಮರುದಿನವೇ ಹೋಗಿದ್ದಳು, ನಾನು ತಿಂಗಳುಗಟ್ಟಲೆ ಕೂತೆ. ನಿನಗೆ ನಾನು ಕೊಡಬಹುದಾದದ್ದು ಒಂದೇ, ಹೋದ ಭಾನುವಾರ ಕೇಳಿದವರು ಸೋಮವಾರ ಬೆಳಗ್ಗೆ ಏನು ಮಾಡಿದರು ಎಂಬ ವರದಿ. ಹೆಚ್ಚೇನಿಲ್ಲ. ಬಹಳ ಜನ ಎದ್ದು ಕೆಲಸಕ್ಕೆ ಹೋದರು. ಲೈಟ್ ಹಾಕು ಎಂದು ಕೂಗಿದವನೂ ಹೋಗಿರಬೇಕು. ಮಯೂರ್ ಎಂಟಕ್ಕೇ ಫೋನ್ ಮಾಡಿ, "ಎಂಡಿಂಗ್ ವೀಕ್ ಆಯ್ತಣ್ಣ" ಅಂದ. ಆಮೇಲೆ, "ಆ ಹಸು ಏನ್ ಕರು ಹಾಕ್ತು ಅಂದಿದ್ರಿ?" ಎಂದು ಕೇಳಿದ. ನಾನು ಹೇಳಲಿಲ್ಲ.

ಒಂಬತ್ತೂವರೆಗೆ ಸಮನ್ವಿತಾಳ ಫೋನು ಬಂತು. ತಾತ ಬೆಳಗ್ಗೆ ಹಾಲ್‌ನ ಲೈಟ್ ಹಾಕಲು ಬಿಡಲಿಲ್ಲವಂತೆ. ಈಗ ಬರುವ ಹೊಸ ಹುಡುಗಿ ಮಂಡಿ ಹಿಡಿದು "ಒಂದು" ಅಂದರೆ, "ಇರಮ್ಮ, ನಾನೇ ಹೇಳ್ತೀನಿ" ಎಂದು ಹುಬ್ಬಳ್ಳಿಯಿಂದ ಶುರು ಮಾಡಿದರಂತೆ. ಮಿಶ್ರಿಕೋಟಿ, ಕಲಘಟಗಿ ದಾಟಿ, ತಂಬೂರು, ಭಾಗವತಿ, ಸಾಂಬ್ರಾಣಿ ಎಲ್ಲ ಆಗಿ, ಒಂಬತ್ತನೇ ಊರಿಗೆ ಬಂದು ಕಾಲು ಚಾಚಿಬಿಟ್ಟರಂತೆ. ಇನ್ನೂ ಒಂದು ಇದೆ ಸಾರ್ ಅಂದಳಂತೆ ಆ ಹುಡುಗಿ.

"ಗೊತ್ತಮ್ಮ. ಹತ್ತನೇದು ಅವಳೂರು. ಅದನ್ನ ಹೇಳೋ ಯೋಗ್ಯತೆ ಕಳ್ಕೊಂಡಿದೀನಿ" ಅಂದರಂತೆ.

ಅವರ ಮಂಡಿ ಈಗ ದಿನಕ್ಕೆ ಒಂಬತ್ತೇ ಸಲ ಮಡಚುತ್ತದೆ. ನಾನೂ ಈ ಪತ್ರದೊಳಗೆ ನಿಮ್ಮೂರಿನ ಹೆಸರನ್ನು ಎಲ್ಲೂ ಬರೆದಿಲ್ಲ, ನೋಡು. ಲಕೋಟೆಯ ಮೇಲೆ ಮಾತ್ರ ಬರೆದಿದ್ದೇನೆ, ಅಂಚೆಯವರು ನಿನ್ನನ್ನು ನಿನ್ನ ಊರಿನಲ್ಲಿ ಹುಡುಕಬೇಕಲ್ಲ.

ನಿಮ್ಮ ಆಕಳ ಕೆಚ್ಚಲು ತುಂಬಿರಲಿ. ನಿನ್ನ ಮಾತು ನಿನ್ನ ಬಾಯಿಗೆ ಮರಳಿ ಬರಲಿ. ಎದುರಿಗೆ ಕೂತು ಹೂಂ ಅನ್ನುವವರು ನನಗಿಂತ ಒಳ್ಳೆಯವರು ಸಿಗಲಿ.

ಅಣ್ಣ ಎಂದು ನೀನು ಕರೆಯುತ್ತಿದ್ದ,
ಕರೆಪ್ಪ